ಹವಳದ ತುಂಡು ಒಂದು ತಳ ಹಿಡಿಯುತ್ತೆ, ಇನ್ನೊಂದು ಸುಲಿದು ಹೋಗುತ್ತೆ: ಯಾಕೆ?

ಉಪ್ಪುನೀರು:
ಒಂದೇ ಅಕ್ರೊಪೊರಾ (ಕವಲೊಡೆಯುವ ಹವಳ) ಕಾಲೊನಿ. ಒಂದೇ ದಿನ, ಒಂದೇ ಅಳತೆಗೆ ಹತ್ತು ತುಂಡು ಕತ್ತರಿಸಿ ಒಂದೇ ತೊಟ್ಟಿಯಲ್ಲಿ ಇಟ್ಟರೂ ಏಳು ತುಂಡು ಎರಡು ವಾರದಲ್ಲಿ ತಳ ಹಿಡಿಯುತ್ತವೆ, ಅಂದರೆ ಬುಡ ಕಚ್ಚಿಕೊಳ್ಳುತ್ತವೆ. ಉಳಿದ ಮೂರರ ಅಂಗಾಂಶ ಬುಡದಿಂದ ಮೇಲಕ್ಕೆ ಸುಲಿಯುತ್ತಾ ಹೋಗಿ ಬರೀ ಬಿಳಿ ಕಡ್ಡಿ ಉಳಿಯುತ್ತದೆ. ಕಾರಣ ಕೇಳಿದರೆ ಎಲ್ಲ ಕಡೆ ಸಿಗುವ ಉತ್ತರ "ಸ್ಟ್ರೆಸ್". ಸರಿ, ಸ್ಟ್ರೆಸ್ ಆದಾಗ ಪ್ರಾಣಿಯ ಒಳಗೆ ಏನಾಗುತ್ತದೆ? ಬೆಳೆಯುವುದು, ಗಾಯ ಮಾಯುವುದು, ಬಿಸಿ ತಾಳಿಕೊಳ್ಳುವುದು ಇವು ಮೂರು ಬೇರೆಬೇರೆ ವಿಷಯಗಳೋ, ಒಂದಕ್ಕೊಂದು ತಳಕು ಹಾಕಿಕೊಂಡಿವೆಯೋ? ಬಲ್ಲವರು ಲೆಕ್ಕ ಸಮೇತ ಬರೆದರೆ ತುಂಬ ಉಪಕಾರ.

ತಳದಬಂಡೆ:
ತಳಕು ಹಾಕಿಕೊಂಡಿವೆ, ಅದೂ ಬಹಳ ಬಿಗಿಯಾಗಿ. ಮೂರಕ್ಕೂ ಖರ್ಚು ಹೋಗುವುದು ಶಕ್ತಿಯ ಒಂದೇ ಗಂಟಿನಿಂದ.

ಬೆಳವಣಿಗೆಯಿಂದ ಶುರುಮಾಡೋಣ. ಹವಳದ ಕಾಲೊನಿ ಅಂದರೆ ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಗುಂಪು. ಪಾಲಿಪ್‌ನ ತಳದಲ್ಲಿ, ಸುಣ್ಣದ ಗೂಡಿಗೆ ತಾಗಿಕೊಂಡಂತೆ ಒಂದು ತೆಳು ಕೋಶಪದರ ಇದೆ. ಆ ಪದರಕ್ಕೂ ಗೂಡಿಗೂ ನಡುವೆ ಕೂದಲೆಳೆಗಿಂತ ಕಿರಿದಾದ ಸಂದು. ಪ್ರಾಣಿ ಈ ಸಂದಿಯೊಳಕ್ಕೆ ಕ್ಯಾಲ್ಸಿಯಂ ಅಯಾನುಗಳನ್ನು ಪಂಪ್ ಮಾಡುತ್ತದೆ, ಅದಕ್ಕೆ ಬದಲಾಗಿ ಹೈಡ್ರೊಜನ್ ಅಯಾನುಗಳನ್ನು ಹೊರಕ್ಕೆ ಎಳೆಯುತ್ತದೆ. ಹೊರಗಿನ ನೀರಿನ ಪಿಎಚ್ 8.1 ಇದ್ದರೆ ಸಂದಿಯೊಳಗೆ 8.5 ದಾಟಿರುತ್ತದೆ. ಅಲ್ಲಿ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಹರಳು ಕಟ್ಟುತ್ತದೆ. ಈ ಪಂಪ್ ಪುಕ್ಕಟೆಯಾಗಿ ಓಡುವುದಿಲ್ಲ, ಕೋಶದ ಇಂಧನವಾದ ಎಟಿಪಿ ಸುಡುತ್ತದೆ. ಆ ಎಟಿಪಿಯ ಬಹುಪಾಲು ಬರುವುದು ಅಂಗಾಂಶದೊಳಗೇ ಮನೆಮಾಡಿರುವ ಸೂಕ್ಷ್ಮಪಾಚಿ ಕೊಡುವ ಆಹಾರದಿಂದ. ಗೋಜಲಾಗದಿರಲಿ ಎಂದು ಇದನ್ನು "ಒಳಪಾಚಿ" ಅನ್ನುತ್ತೇನೆ. ಒಂದು ಚದರ ಸೆಂ.ಮೀ. ಅಂಗಾಂಶದಲ್ಲಿ ಇವು ಸಾಮಾನ್ಯವಾಗಿ ಹತ್ತಿಪ್ಪತ್ತು ಲಕ್ಷ ಇರುತ್ತವೆ. ಅದಕ್ಕೇ ಹಗಲಿನಲ್ಲಿ ಗೂಡು ಕಟ್ಟುವ ವೇಗ ರಾತ್ರಿಗಿಂತ ಸುಮಾರು ಮೂರು ಪಟ್ಟು.

ವೇಗ ಜಾತಿಯಿಂದ ಜಾತಿಗೆ ಬೇರೆ. ಕವಲೊಡೆಯುವ ಅಕ್ರೊಪೊರಾ ವರ್ಷಕ್ಕೆ 10ರಿಂದ 20 ಸೆಂ.ಮೀ. ಚಾಚಬಲ್ಲದು, ಗುಂಡಾಗಿ ಬೆಳೆಯುವ ಪೊರೈಟಿಸ್ ಸುಮಾರು 1 ಸೆಂ.ಮೀ. ಪೊರೈಟಿಸ್ ಅನ್ನು ಸೀಳಿ ಎಕ್ಸ್‌ರೇ ತೆಗೆದರೆ ಮರದ ಉಂಗುರದ ಹಾಗೆ ಗಾಢ, ತಿಳಿ ಪಟ್ಟಿಗಳು ಕಾಣುತ್ತವೆ. ಒಂದು ಜೋಡಿಗೆ ಒಂದು ವರ್ಷ ಎಂದು 1972ರಲ್ಲಿ ಪೆಸಿಫಿಕ್ ಸಾಗರದ ಎನೆವೆಟಾಕ್ ಹವಳದ್ವೀಪದ ಮಾದರಿಗಳಿಂದ ಖಚಿತವಾಯಿತು. ಅಲ್ಲಿ ನಡೆದಿದ್ದ ಅಣುಬಾಂಬ್ ಪರೀಕ್ಷೆಗಳ ವಿಕಿರಣ ಗೂಡಿನೊಳಗೇ ತಾರೀಖಿನ ಗುರುತು ಬಿಟ್ಟಿತ್ತು. ವಿಪರೀತ ಬಿಸಿಯಾದ ವರ್ಷಗಳಲ್ಲಿ ಎಷ್ಟೋ ಸಲ ಇನ್ನೊಂದು ತೆಳ್ಳಗಿನ, ದಟ್ಟವಾದ ಪಟ್ಟಿ ಬೀಳುತ್ತದೆ. ಆ ಸಮಯದಲ್ಲಿ ಪ್ರಾಣಿ ಚಾಚುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು ಎಂದರ್ಥ.

ಮೀನುಕಣ್ಣು:
ಅಕ್ರೊಪೊರಾದ ತುದಿಗಳು ಬೆಳ್ಳಗಿರುವುದು ಬಿಳಿಚುವಿಕೆಯ (ಒಳಪಾಚಿ ಕಳೆದುಕೊಂಡು ಬೆಳ್ಳಗಾಗುವುದು) ಮೊದಲ ಲಕ್ಷಣ ಅಲ್ಲವೇ? ತುದಿ ಬೆಳ್ಳಗಾದರೆ ಬೆಳಕು ತಗ್ಗಿಸಬೇಕು ಎಂಬ ಸಲಹೆ ತುಂಬ ಓಡಾಡುತ್ತಿದೆ.

ಸೂಕ್ಷ್ಮದರ್ಶಿ:
ಅಲ್ಲ ಸರ್. ಈ ಒಂದು ತಪ್ಪಿನಿಂದ ಚೆನ್ನಾಗಿರುವ ಹವಳಗಳ ಬೆಳಕು ಕಿತ್ತುಕೊಳ್ಳುತ್ತಿದ್ದಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹತ್ತು ಪಟ್ಟು ದೊಡ್ಡದು ಮಾಡುವ ಸಾಧಾರಣ ಲೆನ್ಸ್ ಸಾಕು.

ಬೆಳೆಯುತ್ತಿರುವ ತುದಿ: ನಟ್ಟನಡುವೆ ಒಂದು ದುಂಡಗಿನ ಪಾಲಿಪ್, ಅದರ ಸುತ್ತ ಚಿಕ್ಕ ಪಾಲಿಪ್‌ಗಳು ಮೊಗ್ಗಿನ ಹಾಗೆ ಮೂಡುತ್ತಿರುತ್ತವೆ. ಬಣ್ಣ ಕೆನೆ, ತಿಳಿ ನೀಲಿ ಅಥವಾ ನಸುಗೆಂಪು. ಮೇಲೆ ಅಂಗಾಂಶದ ಹೊಳಪು ಇದ್ದೇ ಇರುತ್ತದೆ, ಅಂಚುಗಳು ಮೆತ್ತಗೆ ಕಾಣುತ್ತವೆ. ಗೂಡು ಅಲ್ಲಿ ಭರದಿಂದ ಕಟ್ಟುತ್ತಿದೆ, ಒಳಪಾಚಿ ಇನ್ನೂ ಅಷ್ಟು ಮೇಲಕ್ಕೆ ಹಬ್ಬಿಲ್ಲ, ಅಷ್ಟೇ. ತುದಿ ತನ್ನ ಊಟವನ್ನು ತಾನು ದುಡಿಯುವುದಿಲ್ಲ, ಕೆಳಗಿನ ಕಂದು ಭಾಗ ಅದನ್ನು ಸಾಕುತ್ತದೆ. ಉಪ್ಪುನೀರು ಅವರ ಪ್ರಶ್ನೆಗೆ ಇದು ನೇರವಾಗಿ ಸಂಬಂಧಿಸಿದೆ. ತುದಿಯ ತುಂಡು ಕತ್ತರಿಸಿದರೆ ಸಾಕುವವರಿಂದ ಬೇರ್ಪಟ್ಟ ಹಾಗೆ. ಕೆಳಗೆ ಸಾಕಷ್ಟು ಕಂದು ಅಂಗಾಂಶ ಉಳಿದಿಲ್ಲದ ತುದಿ ಎಷ್ಟು ಚಂದ ಕಂಡರೂ ಕೈಯಲ್ಲಿ ಕಾಸಿಲ್ಲದ ತುಂಡು.

ಬಿಳಿಚಿದ ಹವಳ: ಅಂಗಾಂಶ ಇದೆ, ಆದರೆ ಗಾಜಿನ ಹಾಗೆ ಪಾರದರ್ಶಕ. ಅದರ ಮೂಲಕ ಗೂಡಿನ ಬಿಳುಪು ಹಾಯ್ದು ಕಾಣುತ್ತದೆ. ರಾತ್ರಿ ಟಾರ್ಚ್ ಹಾಕಿ ನೋಡಿದರೆ ಗ್ರಹಣಾಂಗಗಳು ಚಾಚಿಕೊಂಡಿರುವುದು ಕಾಣಬಹುದು. ಸಾಮಾನ್ಯವಾಗಿ ಬೆಳಕಿಗೆ ಮುಖ ಮಾಡಿದ ಮೇಲ್ಭಾಗ ಮೊದಲು ಬಿಳಿಚುತ್ತದೆ, ನೆರಳಿನ ಕಡೆ ಬಣ್ಣ ಹೆಚ್ಚು ದಿನ ಉಳಿಯುತ್ತದೆ. ಬಿಳಿಚಿದ್ದು ಸತ್ತಿದೆ ಎಂದಲ್ಲ, ದಯವಿಟ್ಟು ತೆಗೆದು ಎಸೆಯಬೇಡಿ.

ಸತ್ತದ್ದು: ಅಂಗಾಂಶವೇ ಇಲ್ಲ. ಪಾಲಿಪ್ ಕೂರುವ ಬಟ್ಟಲಿನ ಅಂಚುಗಳು ಗರಗಸದ ಹಲ್ಲಿನಂತೆ ಚೂಪಾಗಿ, ಒಣಗಿದಂತೆ ಕಾಣುತ್ತವೆ. ಕೆಲವೇ ದಿನದಲ್ಲಿ ಹಸಿರು-ಕಂದು ನವಿರು ಪಾಚಿ ಹತ್ತಿಕೊಳ್ಳುತ್ತದೆ.

ನಾಲ್ಕನೆಯದು ಸುಟ್ಟ ತುದಿ. ಬರೀ ತುದಿಯಲ್ಲಿ ಅಂಗಾಂಶ ಹೋಗಿ ಗೂಡು ಬರಿದಾಗಿರುತ್ತದೆ. ಇದು ಬೆಳಕಿನದ್ದಕ್ಕಿಂತ ಹೆಚ್ಚಾಗಿ ನೀರಿನ ಕೆಮಿಸ್ಟ್ರಿಯ ಸಮಸ್ಯೆ.

ಲವಣಲೆಕ್ಕ:
ಸುಟ್ಟ ತುದಿಯ ಎಳೆ ನಾನು ಹಿಡಿಯುತ್ತೇನೆ. ಆಲ್ಕಲಿನಿಟಿ (ನೀರಿನಲ್ಲಿ ಕರಗಿದ ಕಾರ್ಬೊನೇಟ್ ಅಂಶದ ಅಳತೆ, ಡಿಕೆಎಚ್ ಅದರ ಮಾನ) 10–11 ಡಿಕೆಎಚ್‌ಗೆ ಏರಿಸಿ, ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದ ತೊಟ್ಟಿಗಳಲ್ಲಿ ಇದು ಹೆಚ್ಚು. ಗೂಡು ಕಟ್ಟಲು ಸಾಮಗ್ರಿ ರಾಶಿ ಬಿದ್ದಿದೆ, ಅದರ ಮೇಲೆ ಹೊದಿಸುವ ಅಂಗಾಂಶ ಕಟ್ಟಲು ಸಾರಜನಕ, ರಂಜಕ ಇಲ್ಲ. ಫಾಸ್ಫೇಟ್ ಪೂರ್ತಿ ಬರಿದಾಗಿ ನೈಟ್ರೇಟ್ ಮಾತ್ರ ಜಾಸ್ತಿಯಿದ್ದರೆ ಇನ್ನೂ ಕೆಟ್ಟದ್ದು. ರಂಜಕದ ಬರದಲ್ಲಿ ಒಳಪಾಚಿಯ ಪೊರೆಗಳ ರಚನೆಯೇ ಬದಲಾಗಿ, ಮುಂಚೆ ತಾಳುತ್ತಿದ್ದ ಬಿಸಿ-ಬೆಳಕಿಗೇ ಹವಳ ಬಿಳಿಚುತ್ತದೆ.

ಒಪ್ಪುವ ಮಟ್ಟ: ಲವಣಾಂಶ ಸಾವಿರಕ್ಕೆ 35, ಉಷ್ಣತೆ 25–26 ಡಿಗ್ರಿ, ಆಲ್ಕಲಿನಿಟಿ 7.5ರಿಂದ 8.5 ಡಿಕೆಎಚ್, ಕ್ಯಾಲ್ಸಿಯಂ 400–450 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಎಂಬ ಲೆಕ್ಕ), ಮೆಗ್ನೀಸಿಯಂ 1250–1350 ಪಿಪಿಎಂ, ನೈಟ್ರೇಟ್ 2–10 ಪಿಪಿಎಂ, ಫಾಸ್ಫೇಟ್ 0.03–0.1 ಪಿಪಿಎಂ. ಈ ಅಂಕಿಗಳಿಗಿಂತ ಮುಖ್ಯ ಅವು ಅಲುಗಾಡದಿರುವುದು. ಒಂದು ದಿನದಲ್ಲಿ ಆಲ್ಕಲಿನಿಟಿ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ.

ಎಷ್ಟು ಹಾಕಬೇಕು ಎಂಬ ಲೆಕ್ಕ ಹೀಗೆ. ಎರಡು ದಿನ ಬಿಟ್ಟು, ಅದೇ ಹೊತ್ತಿಗೆ ಅಳೆಯಿರಿ. 8.4 ಇದ್ದದ್ದು 7.4 ಆಗಿದ್ದರೆ ದಿನಕ್ಕೆ 0.5 ಡಿಕೆಎಚ್ ಖರ್ಚು. ನೂರು ಲೀಟರಿಗೆ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಬೇಕು, ಅಂದರೆ ಇಲ್ಲಿ ದಿನಕ್ಕೆ 1.5 ಗ್ರಾಂ. ಗೂಡು ಕಟ್ಟುವಾಗ 2.8 ಡಿಕೆಎಚ್ ಖರ್ಚಾದರೆ 20 ಪಿಪಿಎಂ ಕ್ಯಾಲ್ಸಿಯಂ ಕೂಡ ಹೋಗಿರುತ್ತದೆ. ಆ ಲೆಕ್ಕದಲ್ಲಿ ದಿನಕ್ಕೆ 1.3 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್, ನೀರಿನಂಶವಿಲ್ಲದ ಪುಡಿಯಾದರೆ 1 ಗ್ರಾಂ. ಎರಡನ್ನೂ ಬೇರೆಬೇರೆ ಪಾತ್ರೆಯಲ್ಲಿ ಕರಗಿಸಿ, ನೀರು ರಭಸವಾಗಿ ಹರಿಯುವ ಕಡೆ, ನಡುವೆ ಅರ್ಧ ಗಂಟೆಯಾದರೂ ಬಿಟ್ಟು ಹಾಕಿ. ಒಟ್ಟಿಗೆ ಸೇರಿದರೆ ಹಾಲಿನಂತೆ ಬೆಳ್ಳಗಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಉದುರಿ ಹೋಗುತ್ತದೆ, ಹವಳಕ್ಕೆ ಏನೂ ಸಿಗುವುದಿಲ್ಲ. ಎರಡನ್ನೂ ಹಾಕುತ್ತಿದ್ದರೂ ಮಟ್ಟ ನಿಲ್ಲುತ್ತಿಲ್ಲ, ಹೀಟರ್ ಮೇಲೆ ಬಿಳಿ ಪೊರೆ ಕಟ್ಟುತ್ತಿದೆ ಅಂದರೆ ಮೆಗ್ನೀಸಿಯಂ ನೋಡಿ. ಹರಳು ಕಂಡಕಂಡಲ್ಲಿ ಕಟ್ಟದಂತೆ ತಡೆಯುವುದು ಅದೇ.

ಸೂಕ್ಷ್ಮದರ್ಶಿ:
ಈಗ ಗಾಯದ ವಿಷಯ. ಕತ್ತರಿಸಿದ ಕೂಡಲೇ ಅಂಗಾಂಶ ಕುಗ್ಗಿ, ಲೋಳೆ ಸುರಿಸಿ, ಗಾಯದ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಅಲೆದಾಡುವ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ಹಲವು ಜಾತಿಗಳಲ್ಲಿ ಮೆಲನಿನ್ ಕೂಡ ಕಟ್ಟುತ್ತದೆ. ಕೊನೆಗೆ ಅಂಚಿನಿಂದ ಹೊಸ ಹೊರಪದರ ತೆವಳುತ್ತಾ ಬಂದು ಹೊದಿಯುತ್ತದೆ. ಹೊಸ ಅಂಗಾಂಶ ಬರುವುದು ಗಾಯದ ಅಂಚಿನಿಂದ ಮಾತ್ರ. ಹಾಗಾಗಿ ವಿಸ್ತೀರ್ಣಕ್ಕೆ ಹೋಲಿಸಿದರೆ ಅಂಚು ಎಷ್ಟು ಉದ್ದವೋ ಅಷ್ಟು ಬೇಗ ಗಾಯ ಮಾಯುತ್ತದೆ. ಉದ್ದನೆಯ ಗೀರು ಬೇಗ ಮುಚ್ಚುತ್ತದೆ, ಅಷ್ಟೇ ವಿಸ್ತೀರ್ಣದ ದುಂಡು ಗಾಯ ತಡವಾಗುತ್ತದೆ. ತಡವಾದಷ್ಟೂ ಬರಿದಾದ ಗೂಡಿನ ಮೇಲೆ ಪಾಚಿ, ಸ್ಪಂಜು ಬಂದು ಕೂರುತ್ತವೆ, ಆಮೇಲೆ ಅಂಗಾಂಶ ಅವನ್ನು ದಾಟಲು ಒದ್ದಾಡಬೇಕು.

ಬಿಳಿಚಿದ ಹವಳದಲ್ಲಿ ಇದೇ ಗಾಯ ಬಹಳ ನಿಧಾನ, ಎಷ್ಟೋ ಸಲ ಅರ್ಧಕ್ಕೇ ನಿಂತುಬಿಡುತ್ತದೆ. ತಳದಬಂಡೆ ಹೇಳಿದ "ಒಂದೇ ಗಂಟು" ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ತಳದಬಂಡೆ:
ಹಾಗಾದರೆ ಆ ಮೂರು ತುಂಡುಗಳಿಗೆ ಬರೋಣ. ತಾಯಿ ಒಂದೇ, ಅಂದಮೇಲೆ ವಂಶವಾಹಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ಉಳಿಯುವ ಕಾರಣಗಳಲ್ಲಿ ಮೊದಲು ನೋಡಬೇಕಾದ್ದು ಕತ್ತರಿ. ಮೊಂಡಾದ ಕತ್ತರಿ ಕೊಯ್ಯುವುದಿಲ್ಲ, ಜಜ್ಜುತ್ತದೆ. ಕತ್ತರಿಸಿದ ಗೆರೆಯಿಂದ ಮೇಲಕ್ಕೆ ನಾಲ್ಕೈದು ಮಿ.ಮೀ. ಅಂಗಾಂಶ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ನಜ್ಜುಗುಜ್ಜಾಗಿರುತ್ತದೆ. ಅದು ಕೊಳೆತಾಗ ಬ್ಯಾಕ್ಟೀರಿಯಾಗಳಿಗೆ ಹಬ್ಬ, ಸುಲಿಯುವುದು ಅಲ್ಲಿಂದಲೇ ಶುರು. ಕವಲುಗಳಿಗೆ ಹರಿತವಾದ ಮೂಳೆ ಕತ್ತರಿ, ಗುಂಡು ಹವಳಗಳಿಗೆ ನೀರು ಹರಿಯುವ ಡೈಮಂಡ್ ಬ್ಲೇಡಿನ ಗರಗಸ ಬಳಸಿ. ಗರಗಸದಿಂದ ಬರುವ ಸುಣ್ಣದ ಕೆಸರನ್ನು ಸಮುದ್ರದ ನೀರಿನಲ್ಲೇ ತೊಳೆಯಬೇಕು, ಸಿಹಿನೀರು ಮುಟ್ಟಿಸಬಾರದು.

ಅಳತೆ: ಅಕ್ರೊಪೊರಾಗೆ 3–5 ಸೆಂ.ಮೀ., ಅದರಲ್ಲಿ ಕೆಳಗಿನ ಅರ್ಧವಾದರೂ ಗಾಢ ಕಂದು ಇರಲಿ. ಬುಡದ ಗೂಡನ್ನು ಮಾತ್ರ ಕಾಗದದಲ್ಲಿ ಒತ್ತಿ ಒರೆಸಿ, ಜೆಲ್ ರೂಪದ ಸಯನೊಅಕ್ರಿಲೇಟ್ (ಸೂಪರ್ ಗ್ಲೂ) ಅಂಟು ಬಟಾಣಿ ಕಾಳಿನಷ್ಟು ಹಾಕಿ, ತಳದ ಬಿಲ್ಲೆಯ ಮೇಲೆ ತಿರುವಿ ಒತ್ತಿ. ಅಂಟು ಜೀವಂತ ಅಂಗಾಂಶದ ಮೇಲೆ ಏರಿದಷ್ಟೂ ಅದರಡಿಯ ಭಾಗ ಸಾಯುತ್ತದೆ.

ಆಮೇಲೆ ನೀರಿನ ಹರಿವು. ಹತ್ತು ತುಂಡುಗಳ ಸ್ಟ್ಯಾಂಡಿನಲ್ಲಿ ಹಿಂದಿನ ಸಾಲಿನವಕ್ಕೆ ಮುಂದಿನವು ಅಡ್ಡ. ಅಲ್ಲಿ ನೀರು ನಿಂತು ಲೋಳೆ ತೊಳೆದು ಹೋಗುವುದಿಲ್ಲ, ಅದರಡಿ ಆಮ್ಲಜನಕ ಬರಿದಾಗುತ್ತದೆ. ಸುಲಿದವು ಯಾವ ಸಾಲಿನವು ಎಂದು ನೋಡಿ, ಅರ್ಧ ಉತ್ತರ ಅಲ್ಲೇ ಸಿಗಬಹುದು. ಉಳಿದರ್ಧ ಬೆಳಕು: ಕಾಲೊನಿಯ ನೆರಳಿನ ಒಡಲಿನಿಂದ ಕತ್ತರಿಸಿದ ತುಂಡನ್ನು ನೇರ ದೀಪದಡಿ ಇಟ್ಟರೆ, ಅದರ ಒಳಪಾಚಿ ಅಷ್ಟು ಬೆಳಕಿಗೆ ಸಜ್ಜಾಗಿರುವುದಿಲ್ಲ.

ಸುಲಿಯಲು ಶುರುವಾದರೆ ಕಾಯಬೇಡಿ. ಕೆಲವು ಗಂಟೆಗಳಲ್ಲೇ ತುದಿ ಮುಟ್ಟಬಹುದು. ಚೆನ್ನಾಗಿರುವ ಅಂಗಾಂಶದೊಳಕ್ಕೆ 1–2 ಸೆಂ.ಮೀ. ಮೇಲೆ ಕತ್ತರಿಸಿ, ಬೇರೆ ನೀರಿನಲ್ಲಿ ಇಡಿ.

ಮೀನುಕಣ್ಣು:
ಚಿಕ್ಕ ತುಂಡು ದೊಡ್ಡದಕ್ಕಿಂತ ಬೇಗ ಬೆಳೆಯುತ್ತದೆ ಅನ್ನುತ್ತಾರಲ್ಲ, ಅದು?

ತಳದಬಂಡೆ:
ಗುಂಡು ಹವಳಗಳಲ್ಲಿ ನಿಜ. ಫ್ಲಾರಿಡಾದ ಮೋಟ್ ಸಾಗರ ಪ್ರಯೋಗಾಲಯದಲ್ಲಿ ಡೇವಿಡ್ ವಾನ್ ಮತ್ತು ಸಂಗಡಿಗರು ಬೆಳೆಸಿದ ವಿಧಾನ ಇದು. ಸುಮಾರು 1 ಚದರ ಸೆಂ.ಮೀ. ಚೂರುಗಳನ್ನು ಹತ್ತಿರ ಹತ್ತಿರ ಅಂಟಿಸುತ್ತಾರೆ. ಚೂರು ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು, ಅಂಚು ಗಾಯ ಮಾಯಿಸುವ ಭರದಲ್ಲಿ ಅಡ್ಡಡ್ಡಕ್ಕೆ ಹರಡುತ್ತದೆ. ಒಂದೇ ತಾಯಿಯವಾದರೆ ಅಂಚುಗಳು ಸೇರಿದಾಗ ಜಗಳವಿಲ್ಲದೆ ಬೆಸೆದುಕೊಳ್ಳುತ್ತವೆ. ಬೇರೆ ತಾಯಿಯವನ್ನು ಪಕ್ಕದಲ್ಲಿಟ್ಟರೆ ಸೇರುವ ಗೆರೆಯಲ್ಲಿ ಕುಟುಕಿ ಸಾಯಿಸುತ್ತವೆ. ಹಾಗಾಗಿ ತಟ್ಟೆಗೆ ಗುರುತು ಹಾಕುವುದು ತಪ್ಪಿಸಬೇಡಿ. ಇದು ಮೇಲ್ಮೈ ಹರಡುವ ವೇಗ ಮಾತ್ರ, ದಪ್ಪ ಗೂಡು ಕಟ್ಟುವ ವೇಗ ಅಲ್ಲ. 1 ಸೆಂ.ಮೀ. ಚೂರನ್ನು ಬಸವನಹುಳು, ಮೀನು ಒಂದು ಕಚ್ಚಿಗೆ ಮುಗಿಸಬಲ್ಲವು.

ಕಡಲಕಾವಲು:
ಸಮುದ್ರದ ಕಡೆಗೆ ಬರುತ್ತೇನೆ. ಬಿಸಿಯಾದಾಗ ಆಗುವುದೇನೆಂದರೆ, ಒಳಪಾಚಿ ಬೆಳಕು ಹಿಡಿಯುವುದು ನಿಲ್ಲುವುದಿಲ್ಲ, ಹಿಡಿದ ಶಕ್ತಿಯನ್ನು ಬಳಸುವ ಯಂತ್ರ ಕೆಡುತ್ತದೆ. ಒಳಪಾಚಿಯಲ್ಲಿ ಬೆಳಕು ಹಿಡಿಯುವ ಘಟಕವಾದ ಫೋಟೊಸಿಸ್ಟಂ 2ರ ಡಿ1 ಪ್ರೋಟೀನ್ ಬೆಳಕಿನಿಂದ ದಿನವೂ ಹಾಳಾಗುತ್ತದೆ, ದಿನವೂ ರಿಪೇರಿಯಾಗುತ್ತದೆ. ಬಿಸಿ ಏರಿದರೆ ರಿಪೇರಿ ಹಿಂದೆ ಬೀಳುತ್ತದೆ. ಉಳಿದ ಶಕ್ತಿ ಆಮ್ಲಜನಕದ ಮೇಲೆ ಬಿದ್ದು ಹೈಡ್ರೊಜನ್ ಪೆರಾಕ್ಸೈಡ್‌ನಂಥವು ಹುಟ್ಟಿ, ಪ್ರಾಣಿಯ ಕೋಶಕ್ಕೂ ಸೋರುತ್ತವೆ. ಆಗ ಹವಳ ಒಳಪಾಚಿಯನ್ನು ಹೊರಹಾಕುತ್ತದೆ, ಕೆಲವನ್ನು ಒಳಗೇ ಅರಗಿಸುತ್ತದೆ. ಬಿಸಿ ಮತ್ತು ಬೆಳಕು ಜೋಡಿಯಾಗಿ ಹೊಡೆಯುವುದರಿಂದಲೇ ಮೋಡ ಕವಿದ ವಾರಗಳಲ್ಲಿ ಹಾನಿ ಕಡಿಮೆ.

ಅಳೆಯುವ ಕ್ರಮ: ಆ ಜಾಗದ ಅತಿ ಬೆಚ್ಚಗಿನ ತಿಂಗಳ ದೀರ್ಘಕಾಲದ ಸರಾಸರಿ ತೆಗೆದುಕೊಳ್ಳಿ. ಅದು 29 ಡಿಗ್ರಿ ಇದ್ದರೆ 30 ಡಿಗ್ರಿ ಬಿಳಿಚುವಿಕೆಯ ಹೊಸ್ತಿಲು. ಹಿಂದಿನ 12 ವಾರಗಳಲ್ಲಿ ಸರಾಸರಿಗಿಂತ 1 ಡಿಗ್ರಿ ಅಥವಾ ಅದಕ್ಕಿಂತ ಮೇಲೆ ಹೋದ ವಾರಗಳನ್ನು ಮಾತ್ರ ಕೂಡಿ. 30.5 ಡಿಗ್ರಿಯಲ್ಲಿ ನಾಲ್ಕು ವಾರ ಕಳೆದರೆ 1.5 ಗುಣಿಸು 4, ಅಂದರೆ 6 ಡಿಗ್ರಿ ಹೀಟಿಂಗ್ ವೀಕ್. ಅಮೆರಿಕದ ಸಾಗರ, ವಾತಾವರಣ ಸಂಸ್ಥೆ ನೋವಾದ ಉಪಗ್ರಹ ಲೆಕ್ಕದಲ್ಲಿ 4 ದಾಟಿದರೆ ಗಣನೀಯ ಬಿಳಿಚುವಿಕೆ, 8 ದಾಟಿದರೆ ಸಾವು ಶುರು ಎಂದು ಎಚ್ಚರಿಕೆ ಕೊಡುತ್ತಾರೆ. ಹಳೆಯ ಪಟ್ಟಿ ಸಾಲದೆ 2023ರ ಕೊನೆಯಲ್ಲಿ ಅದಕ್ಕೆ ಇನ್ನೂ ಮೂರು ಮಟ್ಟ ಸೇರಿಸಬೇಕಾಯಿತು. ಕೊನೆಯದು 20ರಿಂದ ಮೇಲಕ್ಕೆ. 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ಘೋಷಣೆಯಾಯಿತು. ಗ್ರೇಟ್ ಬ್ಯಾರಿಯರ್ ರೀಫ್ ಒಂದರಲ್ಲೇ 2016, 2017, 2020, 2022, 2024ರಲ್ಲಿ ಸಾಮೂಹಿಕ ಬಿಳಿಚುವಿಕೆ ಆಗಿದೆ. ವೇಗವಾಗಿ ಬೆಳೆಯುವ ಅಕ್ರೊಪೊರಾಗಳೇ ಚೇತರಿಸಲು ಸುಮಾರು ಹತ್ತು ವರ್ಷ ಕೇಳುತ್ತವೆ. ನಡುವೆ ಎರಡೇ ವರ್ಷ ಸಿಕ್ಕರೆ ಗಂಟು ತುಂಬುವುದು ಯಾವಾಗ? ನೋಡಲು ಸಂಕಟವಾಗುತ್ತದೆ.

ಉಪ್ಪುನೀರು:
ಬಿಳಿಚಿದ ಮೇಲೆ ಬೆಳಕು ಹೆಚ್ಚಿಸಿದರೆ ಒಳಪಾಚಿ ಬೇಗ ಮರಳುತ್ತದೆ ಅನ್ನುವುದು ಸರಿಯೇ?

ಕಡಲಕಾವಲು:
ತಪ್ಪು. ಉಳಿದಿರುವ ಸ್ವಲ್ಪ ಒಳಪಾಚಿಗೆ ನೆರಳು ಕೊಡಲು ಪಕ್ಕದವೂ ಇಲ್ಲ, ಬಿಳಿ ಗೂಡು ಬೇರೆ ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಬೆಳಕನ್ನು ಅರ್ಧಕ್ಕೆ ಇಳಿಸಿ, ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿ. ರಾತ್ರಿ ದೀಪ ಆರಿ, ಗ್ರಹಣಾಂಗ ಚಾಚಿದ ಮೇಲೆ ಮೊಟ್ಟೆಯಿಂದ ಆಗತಾನೆ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿ ಕೊಡಿ. ಎಲ್ಲ ಜಾತಿಗಳೂ ತಿನ್ನುವುದಿಲ್ಲ. ಬಿಳಿಚಿದ ಮೊಂಟಿಪೊರಾ ಕ್ಯಾಪಿಟಾಟಾ ಎಂಬ ಹವಳ ಬೇಟೆ ಹೆಚ್ಚಿಸಿ ತನ್ನ ಇಡೀ ಖರ್ಚನ್ನು ಅದರಿಂದಲೇ ತೂಗಿಸಬಲ್ಲದು ಎಂದು 2006ರಲ್ಲಿ ತೋರಿಸಿದ್ದಾರೆ. ಅದೇ ಪ್ರಯೋಗದಲ್ಲಿ ಪೊರೈಟಿಸ್ ಜಾತಿಗಳಿಗೆ ಅದು ಆಗಲಿಲ್ಲ, ಅವು ಕೂಡಿಟ್ಟ ಕೊಬ್ಬು ಕರಗಿಸಿ ಬದುಕಿದವು.

ಒಳಪಾಚಿ ಮರಳುವಾಗ ಬೇರೆ ಜಾತಿಯದ್ದು ಮೇಲುಗೈ ಪಡೆಯಬಹುದು. ಡುರುಸ್ಡಿನಿಯಂ ಎಂಬ ಒಳಪಾಚಿ ಹೆಚ್ಚಿದರೆ ಹವಳ ಸುಮಾರು 1ರಿಂದ 1.5 ಡಿಗ್ರಿ ಹೆಚ್ಚು ತಾಳುತ್ತದೆ. ಬೆಲೆಯೂ ಇದೆ: ಎಳೆಯ ಅಕ್ರೊಪೊರಾಗಳಲ್ಲಿ ಕ್ಲಾಡೊಕೋಪಿಯಂ ಎಂಬ ಇನ್ನೊಂದು ಒಳಪಾಚಿ ಇದ್ದವು ಎರಡು ಮೂರು ಪಟ್ಟು ವೇಗವಾಗಿ ಬೆಳೆದಿವೆ.

ಸೂಕ್ಷ್ಮದರ್ಶಿ:
ಯಾವ ಕಾಲೊನಿ ಎಷ್ಟು ಬಿಸಿ ತಾಳುತ್ತದೆ ಎಂದು ಮೊದಲೇ ತಿಳಿಯಲು ಸಿಬಾಸ್ ಎಂಬ 18 ಗಂಟೆಯ ಪರೀಕ್ಷೆ ಇದೆ. ನಾಲ್ಕು ತೊಟ್ಟಿ: ಬೇಸಿಗೆಯ ಸರಾಸರಿ, ಅದಕ್ಕೆ 3, 6, 9 ಡಿಗ್ರಿ ಕೂಡಿಸಿದವು. ಮೂರು ಗಂಟೆಯಲ್ಲಿ ಏರಿಸಿ, ಮೂರು ಗಂಟೆ ಹಿಡಿದು, ಒಂದು ಗಂಟೆಯಲ್ಲಿ ಇಳಿಸಿ, ಕತ್ತಲಲ್ಲಿಟ್ಟು ಫ್ಲೋರೊಮೀಟರ್ ಎಂಬ ಉಪಕರಣದಿಂದ ಒಳಪಾಚಿ ಬೆಳಕನ್ನು ಬಳಸುವ ದಕ್ಷತೆ ಅಳೆಯುತ್ತಾರೆ. ಆರೋಗ್ಯವಂತ ಹವಳದಲ್ಲಿ ಅದು 0.6ರ ಆಸುಪಾಸು ಇರುತ್ತದೆ. ಅದು ಅರ್ಧಕ್ಕೆ ಇಳಿಯುವ ಉಷ್ಣತೆಯೇ ಆ ಕಾಲೊನಿಯ ಅಂಕ. ಒಂದೇ ಕಾಲೊನಿಯ ತುಂಡುಗಳು ನಾಲ್ಕೂ ತೊಟ್ಟಿಯಲ್ಲಿರಬೇಕು, ಬೆಳಕು ಎಲ್ಲದರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಅಳೆದದ್ದು ಬಿಸಿಯನ್ನಲ್ಲ, ದೀಪದ ವ್ಯತ್ಯಾಸವನ್ನು.

ಗುಳ್ಳೆಮೀನು:
ಹವಳ ಬಿಟ್ಟು ಉಳಿದ ಪ್ರಾಣಿಗಳ ಬಗ್ಗೆ ಎರಡು ಮಾತು. 1740ರ ದಶಕದಲ್ಲಿ ನಿಸರ್ಗ ವಿಜ್ಞಾನಿ ಅಬ್ರಹಾಂ ಟ್ರೆಂಬ್ಲೆ ಹೈಡ್ರಾ ಎಂಬ ಸಿಹಿನೀರಿನ ಪುಟ್ಟ ಜೀವಿಯನ್ನು ಕತ್ತರಿಸಿ ಎರಡೂ ತುಂಡು ಪೂರ್ಣವಾಗುವುದನ್ನು ತೋರಿಸಿದರು. ಪ್ಲನೇರಿಯ ಎಂಬ ಚಪ್ಪಟೆ ಹುಳದಲ್ಲಿ ಮೈಯೆಲ್ಲ ಹರಡಿದ ಕಾಂಡಕೋಶಗಳು ಆ ಕೆಲಸ ಮಾಡುತ್ತವೆ. ಆಕ್ಸೊಲೋಟ್ಲ್ ಎಂಬ ನೀರಿನ ಸಲಮಾಂಡರಿನ ಕಾಲು ಕಡಿದರೆ ಗಾಯದ ತುದಿಯಲ್ಲಿ ಮೊಗ್ಗಿನಂಥ ಕೋಶರಾಶಿ ಕಟ್ಟುತ್ತದೆ. ಆ ಕಾಲಿನ ನರ ತುಂಡರಿಸಿದರೆ ಮೊಗ್ಗು ಬೆಳೆಯುವುದಿಲ್ಲ. ಚಂದ್ರಲೋಳೆಮೀನಿನ ಮರಿ ಇನ್ನೂ ವಿಚಿತ್ರ: ಎಂಟರಲ್ಲಿ ನಾಲ್ಕು ತೋಳು ಕತ್ತರಿಸಿದರೆ ಹೊಸ ತೋಳು ಬೆಳೆಸದೆ, ಉಳಿದ ನಾಲ್ಕನ್ನೇ ಸರಿಸಿ ಸಮದೂರಕ್ಕೆ ತರುತ್ತದೆ. ಈಜಲು ಬೇಕಾದ್ದು ಸಮತೋಲ, ತೋಳಿನ ಎಣಿಕೆಯಲ್ಲ.

ಗಂಟಿನ ಮಾತು ಎಲ್ಲ ಕಡೆ ನಡೆಯುತ್ತದೆ. ಕಾಲು ಕಳೆದುಕೊಂಡ ಏಡಿ ಹೊಸ ಕಾಲು ಬೆಳೆಸುವಾಗ ಮುಂದಿನ ಪೊರೆ ಕಳಚುವಿಕೆಯಲ್ಲಿ ಮೈ ಕಡಿಮೆ ಹಿಗ್ಗುತ್ತದೆ. ಹಸಿದ ಹೈಡ್ರಾ, ಪ್ಲನೇರಿಯಗಳು ಕೋಶಗಳನ್ನೇ ಕರಗಿಸಿಕೊಂಡು ಕುಗ್ಗುತ್ತವೆ. ಬೆನ್ನೆಲುಬಿರುವ ಪ್ರಾಣಿಯೂ ಹೊರತಲ್ಲ: ಎಲ್ ನಿನೊ ವರ್ಷಗಳಲ್ಲಿ ಪಾಚಿ ಸಿಗದೆ ಗಲಾಪಗೋಸ್‌ನ ಕಡಲ ಇಗ್ವಾನಾಗಳ ಮೈಯುದ್ದ ಶೇ. 20ರವರೆಗೂ ಕಡಿಮೆಯಾದದ್ದು ಅಳತೆಗೆ ಸಿಕ್ಕಿದೆ.

ಉಪ್ಪುನೀರು:
ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ತುಂಡು ಬೆಳೆದಿದೆಯೋ ಇಲ್ಲವೋ ಎಂದು ಪ್ರಾಣಿಗೆ ತೊಂದರೆಯಾಗದಂತೆ ಅಳೆಯುವುದು ಹೇಗೆ?

ಲವಣಲೆಕ್ಕ:
ನೀರಿನಲ್ಲೇ ತೂಗಿ. ತಕ್ಕಡಿಯ ಕೆಳಗಿನ ಕೊಕ್ಕೆಯಿಂದ ನೈಲಾನ್ ದಾರ ಇಳಿಬಿಟ್ಟು, ತುಂಡು ಪೂರ್ತಿ ಮುಳುಗುವಂತೆ ತೂಗು ಹಾಕಿ. ಅಂಗಾಂಶದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ, ಹಾಗಾಗಿ ತೂಗುವುದು ಗೂಡು ಮಾತ್ರ. ಅರಗೊನೈಟ್ ಸಾಂದ್ರತೆ 2.93, ಸಮುದ್ರದ ನೀರಿನದು 1.025 ಹಿಡಿದರೆ ನೀರಿನೊಳಗಿನ ತೂಕವನ್ನು 1.54ರಿಂದ ಗುಣಿಸಿದರೆ ಒಣತೂಕ ಬರುತ್ತದೆ. 4.20 ಗ್ರಾಂ ಇದ್ದದ್ದು ತಿಂಗಳಿಗೆ 4.85 ಆದರೆ ಸೇರಿದ್ದು 0.65, ಅಂದರೆ ಗೂಡು 1 ಗ್ರಾಂ ಬೆಳೆದಿದೆ. ಅಂಟು, ತಳದ ಬಿಲ್ಲೆ ಎರಡೂ ಎರಡು ತೂಕದಲ್ಲೂ ಇರುವುದರಿಂದ ಕಳೆದು ಹೋಗುತ್ತವೆ. ಬಿಲ್ಲೆಯ ಮೇಲಿನ ಸುಣ್ಣಪಾಚಿ, ಹುಳದ ಕೊಳವೆಗಳನ್ನು ಮಾತ್ರ ಪ್ರತಿ ಸಲ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಬೇಕು. ಎರಡೂ ಸಲ ನೀರಿನ ಉಷ್ಣತೆ, ಲವಣಾಂಶ ಒಂದೇ ಇರಲಿ. ಕವಲಿನ ಸಂದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ತೂಕ ಕಡಿಮೆ ತೋರಿಸುತ್ತದೆ, ಮೆಲ್ಲಗೆ ಅಲುಗಿಸಿ ಬಿಡಿಸಿ ಆಮೇಲೆ ಅಂಕಿ ಬರೆದುಕೊಳ್ಳಿ.